ಹುಲಿಗೆ ಕುರಿ ಕೊಡದ ಕಾಡಸಿದ್ದಪ್ಪ

ಮಿರಜ ತಾಲೂಕಿನಲ್ಲಿ ಮೂರು ಸದ್ದುಗಳಿಗೆ ಜನ ಕೈಯಲ್ಲಿನ ಕೆಲಸ ಬಿಟ್ಟು ತಲೆ ಎತ್ತುತ್ತಾರೆ. ಒಂದು, ಜಂಕ್ಷನ್ನಿನಲ್ಲಿ ರೈಲು ಕೂಗುವುದು. ಎರಡು, ಕೃಷ್ಣೆಗೆ ನೀರು ಬಿಟ್ಟಿದ್ದಾರೆ, ದಂಡೆಯವರು ಎಚ್ಚರ ಎಂದು ಜೀಪಿನಲ್ಲಿ ಸಾರಿಕೊಂಡು ಹೋಗುವುದು. ಮೂರು, ಬೇಡಗದ ಕಾಡಸಿದ್ದಪ್ಪ ಗಂಟಲು ಸರಿಮಾಡಿಕೊಳ್ಳುವುದು. ಮೊದಲಿನ ಎರಡಕ್ಕೆ ಸರಕಾರದ ಬೆಂಬಲವಿದೆ. ಮೂರನೆಯದು ತಾನಾಗಿ ಉದ್ಭವಿಸಿದ್ದು.

ಅದನ್ನು ಕೆಮ್ಮು ಎಂದರೆ ಬೇಡಗದವರು ಜಗಳಕ್ಕೆ ಬರುತ್ತಾರೆ. ಅದು ಹೊಕ್ಕುಳಿನ ಕೆಳಗೆಲ್ಲೋ ಹುಟ್ಟಿ, ಎದೆಗೂಡಿನಲ್ಲಿ ಒಂದು ಪ್ರದಕ್ಷಿಣೆ ಹಾಕಿ, ಗಂಟಲಿನ ಹತ್ತಿರ ಬಂದು ಹೊರಗೆ ಹೋಗಲೋ ಬೇಡವೋ ಎಂದು ವಿಚಾರ ಮಾಡಿ, ಆಮೇಲೆ "ಹ್ಹ್ರೂಂ" ಎಂದು ಬೀಳುತ್ತದೆ. ಒಮ್ಮೆ ಆ ಸದ್ದಿಗೆ ಮದುಮಗನನ್ನು ಹೊತ್ತ ಕುದುರೆ ಮೆರವಣಿಗೆಯ ನಡುವೆ ಕುಳಿತುಬಿಟ್ಟಿತಂತೆ. ಮದುಮಗ ನಡೆದುಕೊಂಡು ಹೋಗಿ ತಾಳಿ ಕಟ್ಟಿದ. ಇನ್ನೊಮ್ಮೆ ಪಕ್ಕದ ಊರಿನ ಮುದುಕನೊಬ್ಬ ಯಮನೇ ಕರೆದ ಎಂದು ತಿಳಿದು, ಮಕ್ಕಳನ್ನು ಕೂಡಿಸಿ ಹೊಲ ಹಂಚಿಬಿಟ್ಟನಂತೆ. ಆ ಮುದುಕ ಇನ್ನೂ ಗಟ್ಟಿಮುಟ್ಟಾಗಿದ್ದಾನೆ, ಈಗ ಮಕ್ಕಳ ಮನೆಯಲ್ಲಿ ಪಾಳಿಯ ಮೇಲೆ ಊಟ ಮಾಡುತ್ತಾನೆ.

ಈ ಮಹಾನಾದಕ್ಕೆ ಕಾರಣ ಕಫವಲ್ಲ, ಆಟ. ಕಾಡಸಿದ್ದಪ್ಪ ಹುಲಿ-ಕುರಿ ಆಟಕ್ಕೆ ಕುಳಿತು ಒಂದು ಕಾಯಿ ಎತ್ತುವ ಮುನ್ನ ಮಾತ್ರ ಆ ಸದ್ದು ಹೊರಡುತ್ತದೆ. ಇನ್ನುಳಿದ ಹೊತ್ತಿನಲ್ಲಿ ಅವನ ಗಂಟಲು ನಿಮ್ಮ ನಮ್ಮದರ ಹಾಗೆಯೇ.

(ಅರವತ್ತು ದಾಟಿದವನನ್ನು ಏಕವಚನದಲ್ಲಿ ಕರೆಯುತ್ತಿರುವುದಕ್ಕೆ ಯಾರೂ ಸಿಟ್ಟಾಗಬಾರದು. ಭೀಮ ಗದೆ ಎತ್ತಿದ ಎನ್ನುತ್ತೇವೆ, ಭೀಮನವರು ಗದೆ ಎತ್ತಿದರು ಎನ್ನುವುದಿಲ್ಲ.)

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನೆಲದ ಮೇಲೆ ಗೆರೆ ಎಳೆದ ಪಟ. ಒಬ್ಬನ ಕೈಯಲ್ಲಿ ಮೂರು ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಕುರಿ. ಕುರಿಯ ಬೆನ್ನ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಅದರ ಮೇಲೆ ಹಾರಿ ತಿಂದುಹಾಕುತ್ತದೆ. ಕುರಿಗಳು ತಿನ್ನಲಾರವು, ಆದರೆ ಒಟ್ಟಾಗಿ ಸುತ್ತುಗಟ್ಟಿ ಹುಲಿಗಳು ಅಲ್ಲಾಡದಂತೆ ಮಾಡಬಲ್ಲವು. ಹುಲಿ ಅಲ್ಲಾಡದಿದ್ದರೆ ಕುರಿಯವನು ಗೆದ್ದ. ಕುರಿ ಖರ್ಚಾದರೆ ಹುಲಿಯವನು ಗೆದ್ದ. ಇಷ್ಟೇ.

ಕಾಡಸಿದ್ದಪ್ಪನ ಮನೆತನ ಕುರಿ ಸಾಕುವವರದು. ಅವನು ಹುಟ್ಟಿದ್ದು ಕೂಡ ಮನೆಯಲ್ಲಲ್ಲ, ಅಗ್ರಾಣಿ ನದಿಯ ದಂಡೆಯಲ್ಲಿ ಹಿಂಡು ಬೀಡುಬಿಟ್ಟಾಗ. ಶಾಲೆಗೆ ಮೂರನೆಯ ಇಯತ್ತೆಯವರೆಗೆ ಹೋದ; ಮಾಸ್ತರರು ಮರಾಠಿಯಲ್ಲಿ ಕಲಿಸಿದರು, ಅವನು ಕನ್ನಡದಲ್ಲಿ ಮರೆತ. ಬಯ್ಯುವುದನ್ನು ಮಾತ್ರ ಎರಡೂ ಭಾಷೆಯಲ್ಲಿ ಸಮನಾಗಿ ಕಲಿತ. ಅಥಣಿ ಕಡೆಯ ದುಂಡವ್ವನನ್ನು ಮದುವೆಯಾದ. ಅರಿಶಿಣ ನೀರಿನಲ್ಲಿ ಗಂಡು-ಹೆಣ್ಣು ಕೈಹಾಕಿ ಉಂಗುರ ಹುಡುಕುವ ಶಾಸ್ತ್ರವೂ ಒಂದು ಆಟವೇ ಎಂದು ತಿಳಿದು, ಕೈ ಅದ್ದುವ ಮುನ್ನ ಒಮ್ಮೆ ಗಂಟಲು ಸರಿಮಾಡಿಕೊಂಡನಂತೆ. ಹೆಣ್ಣು ಬೆಚ್ಚಿ ಕೈ ಹೊರಗೆ ತೆಗೆದಳು. ಉಂಗುರ ಗಂಡಿನ ಪಾಲಾಯಿತು. "ಅವತ್ತೊಂದ ದಿನ ಗೆದ್ದಾರ ನನ್ನ ಮ್ಯಾಲ," ಎನ್ನುತ್ತಾಳೆ ದುಂಡವ್ವ.

ಹುಲಿ-ಕುರಿಯಲ್ಲಿ ಅವನು ಸೋತದ್ದನ್ನು ಬೇಡಗದಲ್ಲಿ ಯಾರೂ ಕಂಡಿಲ್ಲ. ಇದಕ್ಕೆ ಅಸಾಮಾನ್ಯ ಬುದ್ಧಿಯೇ ಕಾರಣ ಎಂದು ಹೇಳಲು ನನಗೂ ಆಸೆ. ನಿಜವೇನೆಂದರೆ, ಅವನು ಒಂದು ಕಾಯಿ ನಡೆಸಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಎದುರಿನವನಿಗೆ ಹಸಿವೆಯಾಗುತ್ತದೆ, ಇಲ್ಲವೇ ಮೂತ್ರ ಬರುತ್ತದೆ, ಇಲ್ಲವೇ ಸೀಟು ತುಂಬಿಸಿಕೊಂಡು ಹೋಗುವ ವಡಾಪ್ ಜೀಪು ಬರುತ್ತದೆ. ಎದ್ದು ಹೋದವನು ಸೋತಂತೆ ಎಂಬುದು ಕಾಡಸಿದ್ದಪ್ಪನ ಕಾಯಿದೆ. ಕಿರಾಣಿ ಅಂಗಡಿಯ ತವನಪ್ಪ ಹೀಗೆ ವರ್ಷಾನುಗಟ್ಟಲೆ ಸೋಲುತ್ತ ಬಂದಿದ್ದಾನೆ. ಗಿರಾಕಿ ಬಂದರೆ ಏಳದೆ ಅವನ ಅಂಗಡಿ ಹೇಗೆ ನಡೆಯಬೇಕು?

ಇನ್ನೊಂದು ಕಾಯಿದೆ ಇದೆ, ಅದು ಅಪ್ಪ-ಅಜ್ಜಂದಿರದು. ಕುರಿ ಸಾಕುವ ಮನೆಯವನು ಹುಲಿ ಹಿಡಿಯುವುದಿಲ್ಲ. ಯಾವಾಗಲೂ ಕುರಿಯನ್ನೇ ಹಿಡಿಯಬೇಕು, ಮತ್ತು ಗೊತ್ತಿದ್ದೂ ಗೊತ್ತಿದ್ದೂ ಒಂದು ಕುರಿಯನ್ನೂ ಹುಲಿಯ ಬಾಯಿಗೆ ಕೊಡಬಾರದು. ಕಣ್ತಪ್ಪಿ ಹೋದರೆ ಬೇರೆ ಮಾತು. ಅಂಥ ದಿನ ಕಾಡಸಿದ್ದಪ್ಪ ಊಟ ಮಾಡುವುದಿಲ್ಲ, ದುಂಡವ್ವ ಅದಕ್ಕೆ "ಇವತ್ತ ಮನಿಯಾಗ ಸೂತಕ" ಎನ್ನುತ್ತಾಳೆ. ಅವನ ಹದಿನೈದು ಕಲ್ಲುಗಳಿಗೆ ಹಿಂಡಿನ ಹದಿನೈದು ಕುರಿಗಳ ಹೆಸರಿವೆ. ಒಂದು ಕರಿತಲಿ, ಒಂದು ಕುಂಟವ್ವ, ಒಂದು ಮೋಟಗಿವಿ. ನೋಡಿದವರಿಗೆ ಎಲ್ಲವೂ ಕಲ್ಲು. ಅವನು ಮಾತ್ರ ಕತ್ತಲೆಯಲ್ಲೂ ಮೋಟಗಿವಿಯನ್ನು ಗುರುತು ಹಿಡಿಯುತ್ತಾನೆ.

ಇಂಥ ಶಾಂತ ಜೀವನದಲ್ಲಿ ಟೀವಿ ಬಂದು ಕೂತಿತು.

ಆ ಮರಾಠಿ ಧಾರಾವಾಹಿಯ ಹೆಸರು 'ಡಾವ ವಾಘಿಣೀಚಾ', ಅಂದರೆ ಹೆಣ್ಣುಹುಲಿಯ ಆಟ. ಸಗುಣಾ ಎಂಬ ಹಳ್ಳಿಯ ಹುಡುಗಿ ಸಾಯುತ್ತಿರುವ ಅಜ್ಜನಿಂದ ಹುಲಿ-ಕುರಿ ಕಲಿತು, ಊರೂರಿನ ಆಟಗಾರರನ್ನು ಮಣ್ಣುಮುಕ್ಕಿಸುತ್ತ ಹೋಗುವ ಕತೆ. ಅಜ್ಜ ಸಾಯಲು ಎರಡು ತಿಂಗಳು ತೆಗೆದುಕೊಂಡ. ಅತ್ತಿಗೆ ಹುಲಿಯ ಕಾಯಿಗಳನ್ನು ಕದ್ದು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟದ್ದು ಮಳೆಗಾಲ ಪೂರ್ತಿ ನಡೆಯಿತು. ಸಗುಣಾ ಸೋಮವಾರ ಎತ್ತಿದ ಹುಲಿಯನ್ನು ಶನಿವಾರ ಕೆಳಗಿಡುತ್ತಿದ್ದಳು. ನಡುವೆ ಗುಡುಗು, ಎಲ್ಲರ ಮುಖ, ಮತ್ತೆ ಗುಡುಗು. ದುಂಡವ್ವ ಅದರ ಭಕ್ತೆ. ಕಾಡಸಿದ್ದಪ್ಪನಿಗೆ ಅದರಲ್ಲಿ ಹಿಡಿಸಿದ್ದು ಒಂದೇ, ಆಟದ ವೇಗ. "ನೋಡಿದೇನು? ಹಿಂಗ ಆಡಬೇಕು, ಅವಸರಿಲ್ಲದ," ಎಂದು ತವನಪ್ಪನಿಗೆ ಬುದ್ಧಿ ಹೇಳುತ್ತಿದ್ದ.

ಈಗ ಜಿನೇಂದ್ರನ ವಿಚಾರ. ಸಾಂಗಲಿಯ ವಿಶ್ರಾಮಬಾಗದ ಜೈನರ ಮನೆಯ ಹುಡುಗ, ಇಪ್ಪತ್ತಾರರ ಪ್ರಾಯ. ಅವರ ಹೊಲ ಬೇಡಗದ ಹತ್ತಿರ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಕಾಡಸಿದ್ದಪ್ಪನ ಹಿಂಡನ್ನು ಆ ಹೊಲದಲ್ಲಿ ಕೂಡಿಸುವುದು ಎರಡು ಮನೆಗಳ ನಡುವಿನ ಹಳೆಯ ರೂಢಿ. ಜಿನೇಂದ್ರ ಇಂಜಿನಿಯರಿಂಗ್ ಮುಗಿಸಿ, ಮನೆಯವರು ಉಸಿರು ಬಿಡುವಷ್ಟರಲ್ಲಿ ಮುಂಬಯಿಗೆ ಓಡಿ, ಇದೇ ಧಾರಾವಾಹಿಯಲ್ಲಿ ಕೆಲಸ ಹಿಡಿದ. ಹುದ್ದೆ, ಡೈರೆಕ್ಟರನ ಅಸಿಸ್ಟಂಟನ ಅಸಿಸ್ಟಂಟನಿಗೆ ಅಸಿಸ್ಟಂಟ್. ಅಪ್ಪ ಶಾಂತಿನಾಥ ಒಂದೇ ಮಾತು ಹೇಳಿದ್ದರು: "ದೀಪಾವಳಿ ತನಕ ನೋಡ್ತೇನಿ. ಅಷ್ಟರಾಗ ಅವ್ರು ನಿನ್ನ ಹೊರಗ ಹಾಕಿದ್ರ, ಮಾಧವನಗರದ ಕಾಕಾನ ಅಂಗಡಿ."

ಮಾಧವನಗರದ ಕಾಕಾನದು ನೂಲಿನ ಅಂಗಡಿ. ಬಿಳಿ ಗಾದಿ, ಗಾದಿಯ ಮೇಲೆ ಕಾಕಾ, ಕಾಕಾನ ಬಾಯಲ್ಲಿ "ಹ್ಞೂಂ". ಆ ಅಂಗಡಿಯಲ್ಲಿ ಬೇರೆ ಶಬ್ದವಿಲ್ಲ. ಜಿನೇಂದ್ರ ಚಿಕ್ಕವನಿದ್ದಾಗಿನಿಂದ ಕೆಟ್ಟ ಕನಸು ಬಿದ್ದರೆ ಆ ಗಾದಿಯೇ ಕಾಣುತ್ತಿತ್ತು. ಧಾರಾವಾಹಿಯಲ್ಲಿ ಅವನ ಎರಡು ತಪ್ಪು ಆಗಲೇ ಆಗಿದ್ದವು. ಬಿಳಿ ಕರು ಹೇಳಿದಲ್ಲಿ ಕಂದು ಕರು ತಂದಿದ್ದ, ಮತ್ತು ಸತ್ತ ಅಜ್ಜನ ಪಾತ್ರಧಾರಿ ಹಿಂದೆ ನಿಂತು ಚಹಾ ಕುಡಿಯುವುದು ಕ್ಯಾಮೆರಾದಲ್ಲಿ ಬಿದ್ದಿತ್ತು. ಮೂರನೆಯದಾದರೆ ನಾಳೆಯಿಂದ ಬರಬೇಡ ಎಂದು ಡೈರೆಕ್ಟರ್ ಹೇಳಿಯಾಗಿತ್ತು.

ಹೀಗಿರುವಾಗ ಯುನಿಟ್ಟು ಮಿರಜಕ್ಕೆ ಬಂತು. ದೊಡ್ಡ ಸಂಚಿಕೆ, ಸಗುಣಾ ಸೋಲರಿಯದ ಮುದುಕನೊಬ್ಬನನ್ನು ಸೋಲಿಸಬೇಕು. ಮುದುಕನ ಪಾತ್ರಕ್ಕೆ ಗೊತ್ತುಮಾಡಿದ್ದ ನಟ ಹಿಂದಿನ ದಿನ ಕೊಲ್ಹಾಪುರದಲ್ಲಿ ತಾಂಬಡಾ ರಸ್ಸಾ ಎಂಬ ಮಾಂಸದ ಖಾರದ ಸಾರನ್ನು ಹೆಚ್ಚು ಕುಡಿದು ಹಾಸಿಗೆ ಹಿಡಿದಿದ್ದ. "ನನಗ ಒಬ್ಬಾವ ಗೊತ್ತದಾನ್ರಿ," ಎಂದು ಜಿನೇಂದ್ರ ಮುಂದೆ ಬಿದ್ದು ಹೇಳಿ, ಮೋಟರ್‌ಸೈಕಲ್ ತೆಗೆದುಕೊಂಡು ಬೇಡಗಕ್ಕೆ ಹಾರಿದ.

"ಕಾಕಾ, ಟೀವ್ಹಿದಾಗ ಆಡ್ತೀರೇನ್ರಿ?"

"ಯಾರ ಜೋಡಿ?"

"ಸಗುಣಾ ಜೋಡಿ."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. "ಹೂಂ ಅನ್ರಿ ಲಗೂನ," ಎಂದು ದುಂಡವ್ವನ ದನಿ ಬಂತು.

"ಏನ ಹಿಡೀಬೇಕು?" ಕಾಡಸಿದ್ದಪ್ಪ ಕೇಳಿದ.

"ಕುರೀನ ಹಿಡೀರಿ. ಫಕ್ತ ಒಂದ ಮಾತೈತ್ರಿ ಕಾಕಾ. ನೀವು ಸೋಲಬೇಕಾಗ್ತೈತಿ."

ಕಾಡಸಿದ್ದಪ್ಪ ಅಂಗೈಯಲ್ಲಿ ತಂಬಾಕು ತಿಕ್ಕಿ, ಧೂಳು ಊದಿ, ತುಟಿಯಲ್ಲಿಟ್ಟುಕೊಂಡ. "ಸೋಲೂದೇನ ದೊಡ್ಡದಪ್ಪಾ. ಮನಷ್ಯಾ ದಿನಾ ಸೋಲ್ತಾನ."

ಇದನ್ನು ಒಪ್ಪಿಗೆ ಎಂದು ತಿಳಿದದ್ದು ಜಿನೇಂದ್ರನ ಮೂರನೆಯ ತಪ್ಪು. ಸೋಲುವುದಕ್ಕೆ ಕುರಿ ಕೊಡಬೇಕಾಗುತ್ತದೆ ಎಂಬುದನ್ನು ಅವನು ಬಿಡಿಸಿ ಹೇಳಲಿಲ್ಲ, ಇವನು ಬಿಡಿಸಿ ಕೇಳಲಿಲ್ಲ.

ಮಿರಜದ ಹಳೆಯ ವಾಡೆಯೊಂದರ ಅಂಗಳದಲ್ಲಿ ಪಟ ಬರೆದಿದ್ದರು. ವಾಡೆಯ ಮಾಲಕರು ಒಂದೇ ದಿನಕ್ಕೆ ಕೊಟ್ಟಿದ್ದರು. ದೀಪ ಹಚ್ಚುವ ಹೊತ್ತಿಗೆ ಖಾಲಿ ಮಾಡಬೇಕು, ಮರುದಿನ ಅವರ ಮನೆಯಲ್ಲಿ ಮೊಮ್ಮಗನ ಹೆಸರಿಡುವ ಕಾರ್ಯಕ್ರಮ. ಸುತ್ತ ಊರಜನರಾಗಿ ಕೂರಲು ಸಿಕ್ಕಸಿಕ್ಕವರನ್ನು ಕರೆತಂದಿದ್ದರು. ಮೊದಲನೆಯ ಸಾಲಿನಲ್ಲಿ ಜಿನೇಂದ್ರನ ಅಜ್ಜಿ ರತ್ನಾಬಾಯಿ. ಮೊಮ್ಮಗ ನಿಜವಾಗಿ ಏನು ಕೆಲಸ ಮಾಡುತ್ತಾನೆಂದು ಕಣ್ಣಾರೆ ನೋಡಿ ಬಾ ಎಂದು ಮನೆಯವರೇ ಕಳಿಸಿದ್ದರು. ಯುನಿಟ್ಟಿನ ಚಹಾ ಬಂದಾಗ, ನೀರು ಸೋಸಿದ್ದಾರೋ ಇಲ್ಲವೋ ಎಂದು ಕೇಳಿ, ಉತ್ತರ ಬರುವ ಮೊದಲೇ ಬೇಡ ಎಂದಿದ್ದರು.

ದುಂಡವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕಂಡೊಡನೆ ಸಗುಣಾಳ ಗಲ್ಲ ಸವರಿ, "ಆ ನಿಮ್ಮ ವೈನಿನ್ನ ಮೊದಲ ಮನೀ ಬಿಡಸವ್ವಾ," ಎಂದಳು. ಹುಡುಗಿಯ ನಿಜವಾದ ಹೆಸರು ಬೇರೆ ಏನೋ ಇತ್ತು, ಯಾರಿಗೂ ಬೇಕಿರಲಿಲ್ಲ. ಮಧ್ಯಾಹ್ನ ಅದೇ ಅತ್ತಿಗೆ ಮತ್ತು ಸಗುಣಾ ಒಂದೇ ಡಬ್ಬಿಯಲ್ಲಿ ಕಾಕಡಿ, ಅಂದರೆ ಸೌತೆಕಾಯಿ, ತಿನ್ನುವುದನ್ನು ನೋಡಿ ದುಂಡವ್ವ ತನ್ನ ಬುತ್ತಿಯ ಗಂಟನ್ನು ಮತ್ತೆ ಕಟ್ಟಿಬಿಟ್ಟಳು.

ಸುರುವಾಯಿತು. ಕಾಡಸಿದ್ದಪ್ಪನಿಗೆ ಪಟಕಾ ಸುತ್ತಿ, ಹೆಗಲಿಗೆ ಅವನದೇ ಕಂಬಳಿ ಹಾಕಿ ಕೂರಿಸಿದರು. ಕಲ್ಲುಗಳೂ ಅವನವೇ, ಬೇರೆ ಕಲ್ಲು ಮುಟ್ಟುವುದಿಲ್ಲ ಎಂದಿದ್ದ. ಕ್ಯಾಮೆರಾ ಹೊರಟಿತು. ಕಾಡಸಿದ್ದಪ್ಪ ಬಗ್ಗಿದ.

"ಹ್ಹ್ರೂಂ."

ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಸೌಂಡಿನ ಹುಡುಗ ಅದನ್ನು ಕಿತ್ತೆಸೆದು ಆಕಾಶ ನೋಡಿದ. ಇಬ್ಬರು ಓಡಿಹೋಗಿ ಲೈಟುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದರು. ಮಳೆ ಅಲ್ಲ, ಮುದುಕ ಎಂದು ತಿಳಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸದ್ದನ್ನು ಸೌಂಡಿನ ಹುಡುಗ ತೆಗೆದಿಟ್ಟುಕೊಂಡ. ಧಾರಾವಾಹಿಯಲ್ಲಿ ಮುಂದೆ ಬಂದ ಗುಡುಗೆಲ್ಲ ಅದೇ ಎಂದು ಬೇಡಗದವರ ನಂಬಿಕೆ, ನನ್ನದೂ.

ಡೈರೆಕ್ಟರ್ ಬಂದು, ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದ ಮನೆ ತೋರಿಸಿ, ಈ ಕಾಯಿಯನ್ನು ಅಲ್ಲಿಡಿ ಎಂದು ಮರಾಠಿಯಲ್ಲಿ ಹೇಳಿದ. ಆ ಕಾಯಿ ಮೋಟಗಿವಿ.

"ಅಲ್ಲೆ ಇಟ್ರ ಹುಲಿ ತಿಂತೈತಿ ಅಂತ ಹೇಳಪಾ ಅವ್ರಿಗೆ," ಕಾಡಸಿದ್ದಪ್ಪ ಜಿನೇಂದ್ರನಿಗೆ ಮೆಲ್ಲಗೆ ಹೇಳಿದ. ದೊಡ್ಡವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ, ನಾಲ್ಕು ಜನರಲ್ಲಿ ಅವರ ಮರ್ಯಾದೆ ಹೋಗಬಾರದು ಎಂಬ ಕಾಳಜಿ ಆ ದನಿಯಲ್ಲಿತ್ತು.

"ತಿನ್ನಬೇಕ್ರಿ ಕಾಕಾ."

"ಯಾಕ?"

ಜಿನೇಂದ್ರ ಇದನ್ನು ಅನುವಾದಿಸಿದ. ಡೈರೆಕ್ಟರನಿಗೆ ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಕತೆ ಹಾಗಿದೆ ಎಂದ.

"ಆತ್ರಿ," ಎಂದ ಕಾಡಸಿದ್ದಪ್ಪ, ಬಹಳ ವಿನಯದಿಂದ. ಮತ್ತೆ ಕ್ಯಾಮೆರಾ ಹೊರಟಿತು. ಅವನು ಗಂಟಲು ಸರಿಮಾಡಿಕೊಂಡ, ಮೋಟಗಿವಿಯನ್ನು ಎತ್ತಿದ, ಗುರುತಿನವರೆಗೆ ಒಯ್ದ, ವಾಪಸು ತಂದು ಕರಿತಲಿಯ ಮಗ್ಗುಲಿಗೆ ಇಟ್ಟ. ಮತ್ತೆ ತೆಗೆದರು, ಮತ್ತೆ ಹಾಗೆಯೇ. ಒಂದು ಸಲವಂತೂ ಹುಲಿಗಳನ್ನೇ ಮೂಲೆಗೆ ಕಟ್ಟಿಹಾಕಿಬಿಟ್ಟ. ಕೂತಿದ್ದ ಊರಜನ ತಾವು ನಟಿಸುತ್ತಿದ್ದೇವೆಂಬುದನ್ನು ಮರೆತು ಚಪ್ಪಾಳೆ ಹೊಡೆದರು. ಸಗುಣಾಳಿಗೆ ಆಟವೇ ಬರುತ್ತಿರಲಿಲ್ಲ. ತೋರಿಸಿದ ಹುಲಿಯನ್ನು ತೋರಿಸಿದ ಕಡೆಗೆ ಸರಿಸುವುದಷ್ಟೇ ಅವಳ ಕೆಲಸ. ಅವಳೂ ಚಪ್ಪಾಳೆ ಹೊಡೆದಳು.

"ಏನಾತ್ರಿ ಕಾಕಾ?" ಜಿನೇಂದ್ರ ಕೈ ಮುಗಿದ.

"ನಾ ಇಡಾಕ ಹೋಗ್ತೇನಪಾ. ಕೈ ಹೋಗವಲ್ದು."

ಮುಖವನ್ನು ಬಿಟ್ಟು ಬರಿಯ ಕೈ ತೆಗೆಯೋಣ, ಜಿನೇಂದ್ರನೇ ಕಾಯಿ ಸರಿಸಲಿ ಎಂದು ಡೈರೆಕ್ಟರ್ ಉಪಾಯ ಹೂಡಿದ. ಜಿನೇಂದ್ರ ಕಂಬಳಿಯ ಒಳಗಿಂದ ಕೈ ಚಾಚಿ ಮೋಟಗಿವಿಯನ್ನು ಮುಟ್ಟಿದನೋ ಇಲ್ಲವೋ, ಕಾಡಸಿದ್ದಪ್ಪನ ಕಡಗದ ಕೈ ಅದರ ಮೇಲೆ ಪಟ್ಟೆಂದು ಬಿತ್ತು. ಹೊಡೆದ ಮೇಲೆ ಅವನಿಗೇ ನಾಚಿಕೆಯಾಯಿತು. "ಸಿಟ್ಟಾಗಬ್ಯಾಡೋ ತಮ್ಮಾ. ನನ್ನ ಕುರಿ ಮ್ಯಾಲ ಇನ್ನೊಬ್ಬಾಂವ ಕೈ ಹಾಕಿದ್ರ ನನಗ ತಿಳಿಯೂ ಮೊದಲ ಕೈ ಹೋಗಿರ್ತೈತಿ."

ಹಾಗಾದರೆ ನೀವೇ ಹುಲಿ ಹಿಡಿಯಿರಿ ಎಂದರು. ಅಪ್ಪನ ಆಣೆ ಇದೆ ಎಂದ. ಹೇಗೂ ಅದು ಆಗುವಂತಿರಲಿಲ್ಲ. ಸಗುಣಾ ಕುರಿ ಹಿಡಿದರೆ ಧಾರಾವಾಹಿಯ ಹೆಸರನ್ನೇ ಬದಲಿಸಬೇಕು. ಅಂಗಳದ ಬಿಸಿಲು ಗೋಡೆ ಏರುತ್ತಿತ್ತು. ಡೈರೆಕ್ಟರ್ ಜಿನೇಂದ್ರನ ಕಡೆಗೆ ನೋಡಿದ ರೀತಿಯಲ್ಲಿ ಮಾಧವನಗರದ ಗಾದಿ ಸ್ಪಷ್ಟವಾಗಿ ಕಾಣುತ್ತಿತ್ತು.

ಆಗ ದುಂಡವ್ವ ಎದ್ದು ಬಂದಳು.

"ಸಂತ್ಯಾಗ ಕುರಿ ಮಾರ್ತೀರಿಲ್ಲ ನೀವು?"

"ಮಾರ್ತೇನಿ."

"ತಗೊಂಡಾಂವ ಅದರ ಬೆನ್ನಿಗೆ ಬಣ್ಣಾ ಹಚ್ಚಿದ ಮ್ಯಾಲ ಅದು ಯಾರದು?"

"ಅವಂದು."

"ಅದು ಎಲ್ಲಿ ಹೋತು, ಏನಾತು, ಕೇಳ್ತೀರೇನು?"

ಕಾಡಸಿದ್ದಪ್ಪ ವಿಚಾರ ಮಾಡಿದ. ಕುರಿ ಮಾರುವ ರೂಢಿ ಹೀಗೆ: ಮಾರಿದ ಕುರಿಯ ಬೆನ್ನಿನಿಂದ ಒಂದು ಎಳೆ ಉಣ್ಣೆ ಕಿತ್ತು ಇಟ್ಟುಕೊಳ್ಳಬೇಕು, ಕೊಂಡವನು ಬಣ್ಣದ ಗೆರೆ ಎಳೆಯಬೇಕು, ಅಲ್ಲಿಂದ ಮುಂದೆ ಕುರುಬ ಹಿಂದಿರುಗಿ ನೋಡಬಾರದು. ಪಾಪವೂ ಪುಣ್ಯವೂ ಕೊಂಡವನದು. "ಹಂಗಾರ ಯಾರರೆ ತಗೋರಿ," ಎಂದ.

ಜಿನೇಂದ್ರ ಹಿಂದೆಮುಂದೆ ನೋಡದೆ ತಗೊಂಡೆ ಎಂದ. ಮೇಕಪ್ಪಿನ ಡಬ್ಬಿಯಿಂದ ತುಟಿಗೆ ಹಚ್ಚುವ ಕೆಂಪು ಬಂತು. ಕಲ್ಲಿಗೆ ಉಣ್ಣೆ ಇಲ್ಲವಲ್ಲ; ಕಾಡಸಿದ್ದಪ್ಪ ಒಂದೊಂದಕ್ಕೆ ಒಂದರಂತೆ ತನ್ನ ಕಂಬಳಿಯಿಂದಲೇ ಎಳೆ ಕಿತ್ತು ಸೊಂಟದ ಚೀಲಕ್ಕೆ ಸೇರಿಸಿದ. ಜಿನೇಂದ್ರ ಪ್ರತಿ ಕಲ್ಲಿನ ಬೆನ್ನಿಗೂ ಗೆರೆ ಎಳೆದ. ಮೋಟಗಿವಿಯ ಸರದಿ ಬಂದಾಗ ಕಾಡಸಿದ್ದಪ್ಪ ಮುಖ ತಿರುಗಿಸಿದ. ವ್ಯವಹಾರ ಮುಗಿಯಿತು. ಡೈರೆಕ್ಟರ್ ನಿಟ್ಟುಸಿರು ಬಿಟ್ಟ.

"ಜಿನ್ಯಾ, ಇಲ್ಲಿ ಬಾ," ಎಂದರು ಮೊದಲನೆಯ ಸಾಲಿನಿಂದ ರತ್ನಾಬಾಯಿ.

ಜಿನೇಂದ್ರ ಹೋದ.

"ಏನ ತಗೊಂಡಿ?"

"ಕಲ್ಲ, ಅಜ್ಜಿ."

"ಅಂವ ಏನಂತ ಕೊಟ್ಟ?"

"ಅವ್ರು... ಕುರಿ ಅಂತ."

"ನೀ ಏನಂತ ತಗೊಂಡಿ?"

ಜಿನೇಂದ್ರ ಕೈಯಲ್ಲಿನ ಕೆಂಪನ್ನು ಪ್ಯಾಂಟಿಗೆ ಒರೆಸಿಕೊಂಡ.

"ಯಾತಕ್ಕ ತಗೊಂಡಿ?"

"...ಹುಲಿಗಿ ಹಾಕಾಕ."

ಹಿಂದೆ ಕೂತಿದ್ದವರಲ್ಲಿ ಯಾರೋ ನಕ್ಕರು. ರತ್ನಾಬಾಯಿ ನಗಲಿಲ್ಲ. "ಹಿಟ್ಟಿನ ಕೋಳಿ ಕೊಯ್ದರೂ ಕೋಳಿ ಕೊಯ್ದಾಂಗ ಅಂತ ಮುನಿ ಮಹಾರಾಜರು ಪ್ರವಚನದಾಗ ಹೇಳೂಮುಂದ ನೀ ಮೊಬೈಲ ನೋಡಾಕತ್ತಿದ್ದಿ. ನಮ್ಮ ಮನಿತನದಾಗ ಹುಲಿಗಿ ಹಾಕಾಕಂತ ಕುರಿ ಕೊಂಡಾಂವ ನೀನ ಮೊದಲನೇದಾಂವ." ಎಂಬತ್ತರ ಆ ಮುದುಕಿ ಪಟದ ಹತ್ತಿರ ಬಂದು, ಬಗ್ಗಿ, ಕಲ್ಲುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡು ಗಂಟು ಕಟ್ಟಿದರು. "ಕೊಂಡಾಂವ ನನ್ನ ಮೊಮ್ಮಗ. ಈಗ ಇವು ಪಾಂಜರಪೋಳಕ್ಕ ಹೋಗ್ತಾವ."

ಪಾಂಜರಪೋಳ ಎಂದರೆ ವಯಸ್ಸಾದ ದನಕರುಗಳನ್ನು ಸಾಯುವವರೆಗೆ ಸಾಕುವ ಜಾಗ. ಡೈರೆಕ್ಟರನಿಗೆ ಜಿನೇಂದ್ರ ಇದನ್ನು ವಿವರಿಸುತ್ತಿದ್ದರೆ, ಕಾಡಸಿದ್ದಪ್ಪ ಎದ್ದು ರತ್ನಾಬಾಯಿಯ ಕಾಲು ಮುಟ್ಟಿದ.

"ಬಾಯಾರ, ಮೋಟಗಿವಿಗಿ ಹಸೀ ಹುಲ್ಲ ಸೇರೂದಿಲ್ರಿ. ಒಣಾದು ಹಾಕಾಕ ಹೇಳ್ರಿ."

"ಹೇಳ್ತೇನಿ," ಎಂದರು ಅವರು, ಅಷ್ಟೇ ಗಂಭೀರವಾಗಿ.

ಈಗ ಪಟದ ಮೇಲೆ ಮೂರು ಹುಲಿ ಮಾತ್ರ, ಉಪವಾಸ. ಯಾರೋ ಹೊರಗೆ ಓಡಿ ರಸ್ತೆಯಿಂದ ಹಿಡಿ ಕಲ್ಲು ತಂದರು. "ಅವನ್ನೂ ಕುರಿ ಮಾಡಾವ್ರೇನು?" ಎಂದು ರತ್ನಾಬಾಯಿ ಕೇಳಿದರು, ತಂದವರು ಹೌದು ಎಂದು ತಲೆಯಾಡಿಸುತ್ತಲೇ ಆ ಕಲ್ಲುಗಳೂ ಸೆರಗು ಸೇರಿದವು. ಕಲೆಯ ವಿಭಾಗದವನು ಕಾಯಿ ಮಾಡಲೆಂದು ತನ್ನ ಅಂಗಿಯ ಗುಂಡಿ ಕೀಳಲು ಹೊರಟು, ರತ್ನಾಬಾಯಿ ನೋಡಿದ್ದನ್ನು ನೋಡಿ ಕೈಬಿಟ್ಟ. ಬಿ‌ಸಿಲು ಮಾಳಿಗೆಯ ಅಂಚಿನಲ್ಲಿ ಬೆರಳಗಲ ಉಳಿದಿತ್ತು. ಹೊರಗೆ ಮಂಡಪದವರು ಬಂದು ಬೊಂಬು ಇಳಿಸುವ ಸದ್ದು. ಡೈರೆಕ್ಟರ್ ಕುರ್ಚಿಯಿಂದ ಏಳದೆ, ದನಿ ಎತ್ತರಿಸದೆ, ನಾಳೆಯಿಂದ ಬರಬೇಡ ಎಂದು ಜಿನೇಂದ್ರನಿಗೆ ಹೇಳಿದ.

ಜಿನೇಂದ್ರ ಹೋಗಿ ಮೆಟ್ಟಿಲ ಮೇಲೆ ಕೂತ. ಕಾಡಸಿದ್ದಪ್ಪ ಅವನ ಮಗ್ಗುಲಲ್ಲಿ ಕೂತ.

"ಅಂಗಡಿ ನೆಳ್ಳಾಗ ಇರ್ತೈತಲ್ಲೋ ತಮ್ಮಾ," ಎಂದು ಸಮಾಧಾನ ಹೇಳಿದ. "ಬಿಸಲಾಗ ತಿರಗೂದು ತಪ್ಪತೈತಿ."

ಜಿನೇಂದ್ರನ ಕಣ್ಣಲ್ಲಿ ನೀರು ಬಂತು. ಇದು ಸಮಾಧಾನದ ಪರಿಣಾಮ.

ಆ ಹೊತ್ತಿಗೆ ಸಗುಣಾ ಕಂಬದ ಮರೆಯಿಂದ ಬಂದಳು, ಬಾಯಿ ತುಂಬಿತ್ತು. ತೂಕ ಇಳಿಸಲೆಂದು ಆ ಹುಡುಗಿಯನ್ನು ತಿಂಗಳಿಂದ ಕಾಕಡಿಯ ಮೇಲೆ ಇಟ್ಟಿದ್ದರು. ಈ ಕಡೆ ಬಂದ ದಿನವೇ ಅವಳು ಸಾಂಗಲಿಯ ಭಡಂಗದ ಪೊಟ್ಟಣ ಸಂಪಾದಿಸಿ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಆ ಖಾರದ ಚುರಮುರಿಯನ್ನು ಮೊದಲು ಮುಗಿಸಿ, ಶೇಂಗಾ ಮಾತ್ರ ಕಡೆಗೆಂದು ಆರಿಸಿ ಉಳಿಸಿಟ್ಟುಕೊಳ್ಳುವುದು ಬುದ್ಧಿವಂತರ ಲಕ್ಷಣ. ಅವಳು ಮುಷ್ಟಿ ಬಿಚ್ಚಿ, ಎಣ್ಣೆ-ಅರಿಶಿಣ ಹತ್ತಿದ ಶೇಂಗಾಗಳನ್ನು ಪಟದ ಮೇಲೆ ಸುರಿದಳು. ಇವು ನಡೆಯುತ್ತವಾ ಎಂದು ಕೇಳಿದಳು.

ಎಲ್ಲರೂ ರತ್ನಾಬಾಯಿಯ ಕಡೆಗೆ ನೋಡಿದರು. ಅವರು ಒಂದು ಶೇಂಗಾ ಎತ್ತಿ ಬೆಳಕಿಗೆ ಹಿಡಿದರು. ಗಡ್ಡೆ-ಗೆಣಸು ತಿನ್ನದ ಮನೆಯವರು; ಇದೂ ನೆಲದೊಳಗೆ ಬೆಳೆಯುವುದು ಹೌದು. ಆದರೆ ಅವರ ಅಡುಗೆಮನೆಯಲ್ಲಿ ಶೇಂಗಾ ಚಟ್ನಿ ಇಲ್ಲದ ದಿನ ಇರಲಿಲ್ಲ. "ಇದಕ್ಕೇನ ಅಡ್ಡಿ ಇಲ್ಲ," ಎಂದು ಕೆಳಗಿಟ್ಟು ತಮ್ಮ ಜಾಗಕ್ಕೆ ಹೋಗಿ ಕೂತರು.

ಕಾಡಸಿದ್ದಪ್ಪನನ್ನು ಕೈಹಿಡಿದು ಕರೆತಂದು ಕೂರಿಸಿದರು. ಡೈರೆಕ್ಟರ್ ಆಸೆ ಬಿಟ್ಟ ದನಿಯಲ್ಲಿ ಸುರು ಎಂದ. ಗಂಟಲಿನ ಸದ್ದು ಬಂತು, ಹೊರಗೆ ಒಂದು ಬೊಂಬು ಬಿತ್ತು. ಆಮೇಲೆ ಕಾಡಸಿದ್ದಪ್ಪ ಒಂದು ಶೇಂಗಾ ಎತ್ತಿ, ಸೀಮೆಸುಣ್ಣದ ಗುರುತಿನ ನಟ್ಟನಡುವೆ, ನೆಟ್ಟಗೆ, ಒಂದೇ ಸಲಕ್ಕೆ ಇಟ್ಟ.

ಸಗುಣಾಳ ಹುಲಿ ಹಾರಿತು. ತಿಂದ ಕುರಿಯನ್ನು ಮಗ್ಗುಲಿನ ಹಿತ್ತಾಳೆ ಬಟ್ಟಲಿಗೆ ಹಾಕಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಅವಳ ಕೈ ಬಟ್ಟಲಿನ ಕಡೆಗೆ ಹೊರಟದ್ದೇನೋ ನಿಜ, ಆದರೆ ತಿಂಗಳ ಹಸಿವೆ ಅದನ್ನು ದಾರಿಯಲ್ಲೇ ತಿರುಗಿಸಿತು. ಮುದುಕನ ಕಣ್ಣಲ್ಲಿ ಕಣ್ಣಿಟ್ಟು, ಅವಳು ಆ ಕುರಿಯನ್ನು ಬಾಯಿಗೆ ಹಾಕಿ ಕಟುಂ ಎಂದು ಜಗಿದಳು.

ಡೈರೆಕ್ಟರ್ ಅರ್ಧ ಎದ್ದವನು ಅರ್ಧದಲ್ಲೇ ನಿಂತ, ಕಟ್ ಎನ್ನಲಿಲ್ಲ. ಕಾಡಸಿದ್ದಪ್ಪ ಇನ್ನೊಂದನ್ನು ಇಟ್ಟ. ಅವಳು ಅದನ್ನೂ ತಿಂದಳು. ಅವನು ಮೂರನೆಯದನ್ನು ಇಟ್ಟು ಹುಲಿಯ ಕಡೆಗೆ ಇನ್ನಷ್ಟು ಸರಿಸಿದ. ನಾಲ್ಕು ದಶಕಗಳಲ್ಲಿ ಇಷ್ಟು ವೇಗವಾಗಿ ಅವನು ಆಡಿದ್ದನ್ನು ಯಾರೂ ನೋಡಿರಲಿಲ್ಲ. ಕುರಿಗಳು ಸಾಲುಗಟ್ಟಿ ಹೋದವು. ಕೊನೆಗೆ ಸಗುಣಾ, "ಅಜ್ಜಾ, ಆಟ ಮುಗಿಯಿತು," ಎಂದು ಮರಾಠಿಯಲ್ಲಿ, ಹಲ್ಲಿನ ಸಂದಿಯ ಶೇಂಗಾ ಸಮೇತ ಹೇಳಿದಾಗ ಊರಜನ ಅಳುತ್ತಿದ್ದರು. ಅವರಿಗೆ ಅಳಲು ಯಾರೂ ಹೇಳಿರಲಿಲ್ಲ. ದುಂಡವ್ವ ಇಳಕಲ್ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಡೈರೆಕ್ಟರ್ ಓಡಿಬಂದು ಜಿನೇಂದ್ರನನ್ನು ತಬ್ಬಿಕೊಂಡ. ಇದೆಲ್ಲ ಈ ಹುಡುಗನ ಯೋಜನೆಯೇ ಇರಬೇಕೆಂದು ಅವನಿಗೆ ಅನ್ನಿಸಿತ್ತು. ಜಿನೇಂದ್ರ ಅಲ್ಲ ಎನ್ನುವಷ್ಟು ಮೂರ್ಖನಾಗಿರಲಿಲ್ಲ.

ಸಂಚಿಕೆ ಬಂತು. ಹೆಣ್ಣುಹುಲಿ ಕುರಿ ಜಗಿಯುವ ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಇಡೀ ಮಹಾರಾಷ್ಟ್ರ ಸುತ್ತಿತು. ಜಿನೇಂದ್ರನಿಗೆ ಬಡ್ತಿ ಸಿಕ್ಕಿ, ಅಸಿಸ್ಟಂಟನ ಅಸಿಸ್ಟಂಟ್ ಆದ. ಶಾಂತಿನಾಥ ದೀಪಾವಳಿಯ ಗಡುವನ್ನು ಮುಂದಿನ ದೀಪಾವಳಿಗೆ ತಳ್ಳಿದರು. ಮಾಧವನಗರದ ಕಾಕಾ ಸುದ್ದಿ ಕೇಳಿ "ಹ್ಞೂಂ" ಎಂದರಂತೆ.

ಆದರೆ ಜನರನ್ನು ಕಾಡಿದ್ದು ಒಂದೇ ಪ್ರಶ್ನೆ. ಇಡೀ ದಿನ ಒಂದೂ ಕುರಿ ಕೊಡದವನು, ಅಪ್ಪನ ಆಣೆಗೆ ಕಟ್ಟುಬಿದ್ದವನು, ಆ ಕೊನೆಯ ಗಳಿಗೆಯಲ್ಲಿ ಯಾಕೆ ಸೋತ? ಹಳೆಯ ತಲೆಮಾರು ಹೊಸ ತಲೆಮಾರಿಗೆ ದಾರಿ ಬಿಟ್ಟಿತು ಎಂದು ವಿಶ್ರಾಮಬಾಗದ ಪ್ರೊಫೆಸರರೊಬ್ಬರು ಭಾಷಣ ಮಾಡಿದರು. ಸಗುಣಾಳ ಹಸಿದ ಮುಖ ನೋಡಿ ಹೆಣ್ಣುಮಕ್ಕಳಿಲ್ಲದ ಜೀವ ಕರಗಿತು ಎಂದು ದುಂಡವ್ವ ಹೇಳಿದಳು. ಜಿನೇಂದ್ರನ ಕಣ್ಣೀರು ಕಂಡು, ಹುಡುಗನ ಅನ್ನ ಉಳಿಸಲು ಕುಲದ ಕಾಯಿದೆಯನ್ನೇ ಮುರಿದ ಎಂದು ತವನಪ್ಪ ಗಿರಾಕಿಗಳಿಗೆಲ್ಲ ಸಾರಿದ. ಈ ಕೊನೆಯದನ್ನು ಎಲ್ಲರೂ ನಂಬಿದರು. ಎಲ್ಲರಿಗಿಂತ ಹೆಚ್ಚು ನಂಬಿದವನು ಜಿನೇಂದ್ರ.

ವಿಶ್ರಾಮಬಾಗದ ಸಭಾಗೃಹದಲ್ಲಿ ಕಾಡಸಿದ್ದಪ್ಪನಿಗೆ ಸತ್ಕಾರ ಇಟ್ಟುಕೊಂಡರು. ತಲೆಗೆ ಕೇಸರಿ ಫೇಟಾ ಕಟ್ಟಿದರು, ಶಾಲು ಹೊದಿಸಿದರು, ಅವನ ಕಂಬಳಿಯ ಮೇಲೆಯೇ. ತ್ಯಾಗ ಎಂಬ ಶಬ್ದ ಎರಡೂ ಭಾಷೆಗಳಲ್ಲಿ ಬಹಳ ಸಲ ಬಂತು. ಕಡೆಗೆ ಜಿನೇಂದ್ರ ಮೈಕು ಹಿಡಿದು ಎದ್ದ, ಕೂತು ನೀರು ಕುಡಿದು ಮತ್ತೆ ಎದ್ದ.

"ಕಾಕಾ, ನನ್ನ ಸಲುವಾಗಿ ನೀವು ಅಷ್ಟ ದೊಡ್ಡ ಮಾತು ಮುರದ್ರಿ. ಆ ಮೊದಲನೇ ಕುರಿ ಹುಲಿ ಮುಂದ ಇಡೂಮುಂದ ನಿಮ್ಮ ಮನಸಿನ್ಯಾಗ ಏನ ಬಂತು, ಇವತ್ತ ಎಲ್ಲಾರ ಮುಂದ ಹೇಳ್ರಿ."

ಕಾಡಸಿದ್ದಪ್ಪ ಮೈಕನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಹುಡುಗನ ಕಡೆಗೆ ತಿರುಗಿದ.

"ಅವು ಶೇಂಗಾ ಇದ್ದೂವಲ್ಲೋ ತಮ್ಮಾ," ಎಂದ. "ಶೇಂಗಾ ತಿನ್ನಾಕ ಇರ್ತಾವ."